ಗೋಧಿಯಿಲ್ಲದ ಖಾರ ಚೂರು

ಆಗಸ್ಟ್ 12, 2024, ಸೋಮವಾರ

ಯೀಸ್ಟ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿ ಏಳು ತಿಂಗಳಿಂದ ಗಲ್ಲಾದ ಕೆಳಗೆ ಬಿದ್ದಿತ್ತು. ಇವತ್ತು ಧೂಳು ಒರೆಸಿ ತೆಗೆದಿದ್ದೇನೆ. ಹಾಸನದ ಡಾಕ್ಟರಮ್ಮ ನಮ್ಮವರ ಊಟ, ತೂಕ, ಹೊಟ್ಟೆಯ ಸಮಾಚಾರವನ್ನೆಲ್ಲ ಬರೆದಿಡಿ ಎಂದಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಬರೆದದ್ದೆಂದರೆ ಹುಟ್ಟುಹಬ್ಬದ ಕೇಕಿನ ಮೇಲೆ ಹಾಕಬೇಕಾದ ಹೆಸರುಗಳ ಚೀಟಿ ಮಾತ್ರ. ಡಾಕ್ಟರಮ್ಮನಿಗೆ ಬೇಕಾದ್ದನ್ನು ಬೇರೆ ಹಾಳೆಗೆ ಇಳಿಸಿ ಕೊಟ್ಟರಾಯಿತು. ಉಳಿದದ್ದು ನನ್ನ ಗೋಳು, ನನಗೇ ಇರಲಿ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿಯೊಳಗಿನ ಅಂಟು ಇವರ ಕರುಳಿಗೆ ಆಗುವುದಿಲ್ಲವಂತೆ. ಒಂದು ವರ್ಷದಿಂದ ತಿಂದದ್ದು ಮೈಗೆ ಹತ್ತದೆ, ಅರವತ್ತನಾಲ್ಕು ಕೆಜಿ ಇದ್ದ ಮನುಷ್ಯ ಐವತ್ತಕ್ಕೆ ಇಳಿದದ್ದು ಅದರಿಂದಲೇ. ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ ಯಾವುದೂ ಇನ್ನು ಜೀವಮಾನದಲ್ಲಿ ಬಾಯಿಗೆ ಹೋಗಬಾರದು, ಸಾಸಿವೆಯಷ್ಟು ಕೂಡ. “ಅಂಗಡಿಯಿಂದ ತಂದ ಯಾವುದೇ ಆಗಲಿ, ಪ್ಯಾಕೆಟ್ ಮೇಲೆ ಬರೆದಿರೋದನ್ನ ಓದಿ ಹಾಕಿ” ಎಂದರು. ಪ್ಯಾಕೆಟ್ಟಿನದು ತಿನ್ನುವವರು ಪೇಟೆಯವರು, ನಮ್ಮ ಮನೆಯಲ್ಲಿ ಏನಿದೆ ಓದುವುದಕ್ಕೆ ಅಂದುಕೊಂಡೆ. ಆಮೇಲೆ ಡಾಕ್ಟರಮ್ಮ, “ನೀವು ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರು. ಇವರು, “ಹಳೇಬೀಡು ಬಸ್‌ಸ್ಟ್ಯಾಂಡಿನ ಹತ್ರ ಬೇಕರಿ ಐತೆ ಮೇಡಂ, ಮೂವತ್ತೊಂದು ವರ್ಷದಿಂದ” ಎಂದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಗಾಳಿಯಲ್ಲಿ ಹಾರುವ ಹಿಟ್ಟು ಮೂಗು ಬಾಯಿಗೆ ಹೋದರೂ ಕಷ್ಟವೇ ಅಂತೆ. ಇವರು ಇನ್ನು ಭಟ್ಟಿ ಮನೆಗೆ ಕಾಲಿಡುವ ಹಾಗಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಇವರು ಮೊಣಕೈಯಿಂದ ತಿವಿದು, “ರಾಗಿಮುದ್ದೆಗೆ ಏನೂ ತೊಂದ್ರೆ ಇಲ್ವಂತೆ ಕಣೆ. ನಮ್ಮವ್ವ ಹೊಲದಲ್ಲೇ ಇರ್ಲಾ ಅಂತ ಬಡ್ಕೊಂಡ್ಳು, ಕೇಳ್ಳಿಲ್ಲ ನಾನು” ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ. ಈ ಮನುಷ್ಯನಿಗೆ ನಾನು ಸೋತದ್ದೇ ಇದಕ್ಕೆ.

ಆಗಸ್ಟ್ 14

ಬೇಕರಿ ಮುಚ್ಚುವ ಮಾತು ಬಂತು, ಹೋಯಿತು. ನಮ್ಮ ಬೇಕರಿಯಲ್ಲಿ ಭಟ್ಟಿಯ ಬೆಂಕಿ ಕರಿಯಪ್ಪಣ್ಣನದು, ಹಿಟ್ಟು ಇವರದು. ಕರಿಯಪ್ಪಣ್ಣನಿಗೆ ಅರವತ್ತು ದಾಟಿದೆ. ಸೌದೆಯ ಹೊಗೆ ನೋಡಿಯೇ ಭಟ್ಟಿಯ ಕಾವು ಹೇಳುತ್ತಾರೆ. ಆದರೆ ಹಿಟ್ಟು ಮುಟ್ಟೆಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ನಾನಂತೂ ಗಲ್ಲಾದ ಮೇಲೆ ಕೂತವಳು. ಇಷ್ಟು ವರ್ಷದಲ್ಲಿ ಭಟ್ಟಿ ಮನೆಯೊಳಗೆ ಹೋದದ್ದು ಕಾಫಿ ಕೊಡುವುದಕ್ಕೆ.

“ನೀನು ಕಲಸು, ನಾನು ಹೊರಗೆ ಕೂತು ಹೇಳ್ತೀನಿ” ಎಂದರು ಇವರು. ಹಿತ್ತಲಿನ ಕಿಟಕಿಗೆ ಗಾಜು ಹಾಕಿಸಿ, ನುಗ್ಗೆಮರದ ಕೆಳಗೆ ಕುರ್ಚಿ ಹಾಕಿಕೊಂಡರು. ನಾನು ಒಳಗೆ ಮೈದಾ ರಾಶಿಯ ಮುಂದೆ ಪರೀಕ್ಷೆಗೆ ಓದದೆ ಬಂದವಳ ಹಾಗೆ ನಿಂತೆ. ಆಶ್ಚರ್ಯವೆಂದರೆ, ಇವರು ನೋಡುವುದೂ ಇಲ್ಲ. ಹಲಗೆಯ ಮೇಲೆ ನಾನು ಹಿಟ್ಟು ಬಡಿಯುವ ಸದ್ದನ್ನು ಗಾಜಿನ ಆಚೆಯಿಂದಲೇ ಕೇಳಿಸಿಕೊಂಡು, “ನೀರು ಕಮ್ಮಿ ಆಯ್ತು, ಇನ್ನೊಂದು ಚೆಂಬು” ಅನ್ನುತ್ತಾರೆ. ಹೌದು, ಕಮ್ಮಿಯೇ ಆಗಿತ್ತು. ಸದ್ದಿನಲ್ಲಿ ಹದ ಹೇಳುವವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಇವತ್ತಿನ ಬ್ರೆಡ್ಡನ್ನು ಹುಲಿಕೆರೆ ಕೊಳದ ಮೆಟ್ಟಿಲಿಗೆ ಕಲ್ಲಿನ ಬದಲು ಹಾಕಬಹುದಿತ್ತು. ಎಲ್ಲವನ್ನೂ ಹಸುವಿಗೆ ಕೊಟ್ಟೆವು. ಹಸುವೂ ಯೋಚನೆ ಮಾಡಿ ತಿಂತು.

ಸೆಪ್ಟೆಂಬರ್ 1

ಭಟ್ಟಿ ಮನೆಯಿಂದ ಬಂದವಳು ಹಿತ್ತಲ ಬಚ್ಚಲಲ್ಲೇ ತಲೆಗೆ ನೀರು ಹುಯ್ದುಕೊಂಡು, ಹಿಟ್ಟಿನ ಬಟ್ಟೆಯನ್ನು ಅಲ್ಲೇ ನೆನೆಹಾಕಿ, ಬೇರೆ ಸೀರೆ ಉಟ್ಟೇ ಅಡಿಗೆಮನೆಗೆ ಹೋಗಬೇಕು. ಹಳೆಯ ಮಣೆ, ಲಟ್ಟಣಿಗೆ, ಜರಡಿ ಎಲ್ಲ ಮನೆಯಿಂದಾಚೆ. ಪಕ್ಕದ ಮನೆಯ ಜಾನಕಮ್ಮ ಬೇಲಿಯಿಂದ ಇಣುಕಿ, “ಏನ್ ಲತಾಮಣಿ, ಮಡಿ ಹಿಡಿದಿದ್ದೀಯಂತೆ? ನಮ್ಮಂಥ ಒಕ್ಕಲು ಮಕ್ಕಳು ಮನೆ ಒಳೀಕೆ ಬರಬಹುದೋ ಇಲ್ಲವೋ?” ಎಂದರು. “ಚಪಾತಿ ಮುಟ್ಟಿದ್ದರೆ ಬರಬೇಡಿ, ಮುದ್ದೆ ಮುಟ್ಟಿದ್ದರೆ ಬನ್ನಿ” ಎಂದೆ.

ಮಡಿಯಿಂದ ಫಲ ಸಿಕ್ಕಿದೆ. ಮೈದಾ ಮೂಟೆ ತೂಗುವ ತಕ್ಕಡಿಯನ್ನು ತೊಳೆದು ಜಗುಲಿಗೆ ತಂದಿಟ್ಟಿದ್ದೇವೆ. ಇವತ್ತು ಇವರ ತೂಕ ಐವತ್ತೊಂದೂವರೆ.

ಆದರೆ ಸಂಜೆಯಾದರೆ ಮುಖ ಬಾಡುತ್ತದೆ. ಯಾಕೆಂದು ನನಗೆ ಗೊತ್ತು. ಖಾರ ಚೂರು. ಉಳಿದ ಬ್ರೆಡ್ಡನ್ನು ಚೌಕ ಚೂರು ಮಾಡಿ, ಬೆಣ್ಣೆ ಮಸಾಲೆಯಲ್ಲಿ ಹೊರಳಿಸಿ, ಆರುತ್ತಿರುವ ಭಟ್ಟಿಯಲ್ಲಿ ಗರಿಗರಿ ಒಣಗಿಸುವುದು. ಇವರೇ ಕಂಡುಹಿಡಿದ ತಿಂಡಿ. ದೇವಸ್ಥಾನದ ರಸ್ತೆಯಲ್ಲಿ ಹೋಟೆಲು ಇಟ್ಟಿರುವ ಇಂದ್ರೇಶ್ ಪ್ರವಾಸಿಗಳ ಸೂಪಿನಲ್ಲಿ ತೇಲಿಸುವುದಕ್ಕೆ ಅದನ್ನು ಡಬ್ಬಿಗಟ್ಟಲೆ ಒಯ್ಯುತ್ತಾರೆ. ಅವರು ಅದಕ್ಕೆ ಕ್ರುಟಾನ್ ಅನ್ನುತ್ತಾರೆ, ನಾವು ಚೂರು ಅನ್ನುತ್ತೇವೆ. ಇವರಿಗೆ ರಾತ್ರಿಯ ಅನ್ನ ಸಾರಿನ ಮೇಲೆ ಒಂದು ಹಿಡಿ ಚೂರು ಬಿದ್ದರೇ ಅದು ಊಟ. ಈಗ ಬರೀ ಅನ್ನ ಕಲಸಿಕೊಂಡು, ಅರ್ಧಕ್ಕೆ ಕೈ ತೊಳೆದುಬಿಡುತ್ತಾರೆ. “ಅಗಿಯೋದಕ್ಕೇ ಏನೂ ಇಲ್ಲ ಕಣೆ. ಹಲ್ಲು ಇದ್ದೂ ಇಲ್ದಂಗೆ” ಎಂದರು ನಿನ್ನೆ. ದೂರಿದ್ದಲ್ಲ, ಸುಮ್ಮನೆ ಹೇಳಿದ್ದು.

ಗೋಧಿಯಿಲ್ಲದ ಬ್ರೆಡ್ಡು ಮಾಡಿದರೆ ಗೋಧಿಯಿಲ್ಲದ ಚೂರೂ ಆಗಬೇಕಲ್ಲ.

ಸೆಪ್ಟೆಂಬರ್ 10

ಅರಸೀಕೆರೆಗೆ ಹೋಗಿ ಬಂದೆವು. ಅಲ್ಲಿಗೆ ಕೊಟ್ಟಿರುವ ಮಗಳು ತನ್ನ ಮನೆಯ ಸಣ್ಣ ಓವನ್ನನ್ನು ಅಪ್ಪನಿಗೆಂದು ಎತ್ತಿಕೊಟ್ಟಳು. ಇವರು ಮೊಬೈಲಿನಲ್ಲಿ ಅದೇನನ್ನೋ ನೋಡಿ, ಗೋಧಿಯ ಅಂಟಿಗೆ ಬದಲಾಗಿ, ಹೊಟ್ಟೆ ಕಟ್ಟಿದವರು ಕುಡಿಯುವ ಇಸಬ್ಗೋಲು ಹಾಕಬಹುದು ಎಂದು ಕಂಡುಕೊಂಡಿದ್ದಾರೆ. ಮೆಡಿಕಲ್ ಸ್ಟೋರಿಗೆ ಹೋಗಿ ಆರು ಡಬ್ಬಿ ಇಸಬ್ಗೋಲು ಕೇಳಿದರು. ಅಂಗಡಿಯಾತ ಮೇಲಿಂದ ಕೆಳಗೆ ನೋಡಿ, ತಗ್ಗಿದ ದನಿಯಲ್ಲಿ, “ಎಷ್ಟು ದಿನದಿಂದ ಆಗಿಲ್ಲ ಸಾರ್?” ಎಂದ. “ನಂಗಲ್ಲಪ್ಪ, ಬ್ರೆಡ್ಡಿಗೆ” ಎಂದರು ಇವರು. ಅವನು ನನ್ನ ಮುಖ ನೋಡಿದ. ನಾನು ತೆಂಗಿನಕಾಯಿ ಲಾರಿ ಎಣಿಸುತ್ತಾ ನಿಂತೆ.

ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಹಾಕುತ್ತಾರೆ. ಆದ್ದರಿಂದ ಅತ್ತೆಯ ಕಾಲದ ಬೀಸುವ ಕಲ್ಲನ್ನು ಹೊರತೆಗೆದು ತೊಳೆದಿದ್ದೇನೆ. ರಾಗಿ, ಅಕ್ಕಿ ಎರಡನ್ನೂ ಮನೆಯಲ್ಲೇ ಬೀಸುವುದು.

ಸೆಪ್ಟೆಂಬರ್ 21

ಒಂಬತ್ತನೆಯ ಸಲಕ್ಕೆ ಬಂತು.

ಮರೆಯುವ ಮೊದಲು ಬರೆದಿಡುತ್ತೇನೆ. ರಾಗಿ ಹಿಟ್ಟು ಒಂದು ಪಾಲು, ಅಕ್ಕಿ ಹಿಟ್ಟು ಎರಡು ಪಾಲು, ಇಸಬ್ಗೋಲು ನೆನೆಸಿದ ನೀರು, ಯೀಸ್ಟು, ಚೂರು ಬೆಲ್ಲ, ಉಪ್ಪು. ಇದು ಹಿಟ್ಟಿನ ಹಾಗೆ ನಿಲ್ಲುವುದಿಲ್ಲ, ಇಡ್ಲಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ. ಅಚ್ಚಿಗೆ ಹುಯ್ದು ಉಬ್ಬಿದ ಮೇಲೆ ಬೇಯಿಸುವುದು. ಬೆಂದದ್ದನ್ನು ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು. ಬಿಸಿಯಲ್ಲಿ ಕುಯ್ದರೆ ಪುಡಿಪುಡಿ. ಮೊದಲ ಎಂಟು ಸಲ ನನ್ನ ಆತುರಕ್ಕೇ ಕೆಟ್ಟದ್ದು. ಬೆರಳ ಗೆಣ್ಣಿನಷ್ಟು ಚೌಕ ಕುಯ್ದು, ಬೆಣ್ಣೆ ಕರಗಿಸಿ, ಇಂಗು, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಹಾಕಿ, ಚೂರನ್ನು ಅದರಲ್ಲಿ ಹೊರಳಿಸಿ, ಸಣ್ಣ ಕಾವಿನಲ್ಲಿ ಮುಕ್ಕಾಲು ಗಂಟೆ. ನಡುವೆ ಎರಡು ಸಲ ಮಗುಚಬೇಕು. ಮೆಣಸಿನ ಪುಡಿ ಕೊನೆಯಲ್ಲಿ, ಮೊದಲೇ ಹಾಕಿದರೆ ಸೀದು ಕಮಟುತ್ತದೆ. “ಇಂಗಿಗೆ ಜಿಪುಣತನ ಮಾಡ್ಬೇಡ, ಚೂರಿನ ಜೀವ ಇರೋದೇ ಅದ್ರಲ್ಲಿ” ಎಂದು ಇವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಲೇ ಇದ್ದರು.

ಸಾರಿನ ಮೇಲೆ ಒಂದು ಹಿಡಿ ಹಾಕಿಕೊಟ್ಟೆ. ಇವರು ಬಾಯಿಗಿಟ್ಟು ಕಚ್ಚಿದ ಸದ್ದು ನನಗೆ ಒಲೆಯ ಹತ್ತಿರ ಕೇಳಿಸಿತು. ತಟ್ಟೆಯಲ್ಲಿ ಒಂದಗುಳು ಉಳಿಸಲಿಲ್ಲ. ಖಾಲಿ ತಟ್ಟೆಯನ್ನು ನನ್ನ ಕಡೆ ತೋರಿಸಿದರು ಅಷ್ಟೇ. ಹೇಳಿಕೊಟ್ಟವರು ಇವರು, ಕಾಯ್ದವರು ಇವರು. ನಾನು ಕೈ ಆಡಿಸಿದೆ.

ಬೇಕರಿ ಬ್ರೆಡ್ಡು ಈಗ ಹಸುವಿಗೆ ಹೋಗುತ್ತಿಲ್ಲ ಎನ್ನುವುದನ್ನೂ ಬರೆದುಬಿಡುತ್ತೇನೆ. ದಿನಕ್ಕೆ ಅರವತ್ತು ಪೌಂಡು.

ಅಕ್ಟೋಬರ್ 13

ಐವತ್ತೊಂದು. ಅರ್ಧ ಕೆಜಿ ಇಳಿದಿದ್ದಾರೆ. ಹೊಟ್ಟೆ ಉಬ್ಬರ ಮತ್ತೆ ಶುರುವಾಗಿದೆ. ಮಜ್ಜಿಗೆಗೆ ಇಂಗು ಕದಡಿ ಕೊಟ್ಟೆ. ಚೂರಿಗೂ ಇಂಗು ಸ್ವಲ್ಪ ಹೆಚ್ಚಿಗೆ ಹಾಕಿದ್ದೇನೆ. ಹೊಟ್ಟೆಗೆ ಅದಕ್ಕಿಂತ ಒಳ್ಳೆಯದು ಏನಿದೆ.

ಅಕ್ಟೋಬರ್ 30

ನಾಳೆ ದೀಪಾವಳಿ. ನಾಲ್ಕು ಗಂಟೆಗೆ ಎದ್ದು ನೂರ ಹತ್ತು ಪೌಂಡು ಬ್ರೆಡ್ಡು, ಬನ್ನು ಬೇರೆ. ಇವರಿಗೆ ಏಳಲು ಆಗಲಿಲ್ಲ. ಕುರ್ಚಿ ನುಗ್ಗೆಮರದ ಕೆಳಗೆ ಖಾಲಿ ಇತ್ತು. ಏನೋ ಇವರ ಪುಣ್ಯ, ಎಲ್ಲ ಸರಿಯಾಗಿ ಬಂತು. “ಅಮ್ಮೋರೆ, ಇವತ್ತು ಅಯ್ನೋರು ಒಂದು ಮಾತೂ ಆಡ್ಲಿಲ್ವಲ್ಲ” ಎಂದರು ಕರಿಯಪ್ಪಣ್ಣ. “ಮಲಗವ್ರೆ” ಎಂದೆ. ಅವರು ನನ್ನ ಕೈಯನ್ನೊಮ್ಮೆ ನೋಡಿ ಸೌದೆ ತುರುಕಿದರು.

ಇವರಿಗೆ ಸುಸ್ತು. ಭೇದಿ ನಾಲ್ಕು ಸಲ. ಇಂಗು ತೇದು ಹೊಕ್ಕುಳ ಸುತ್ತ ಹಚ್ಚಿದೆ, ಹಸುಗೂಸಿಗೆ ಹಚ್ಚುವ ಹಾಗೆ. ಕುಡಿಯುವುದಕ್ಕೂ ಕೊಟ್ಟೆ.

ನವೆಂಬರ್ 18

ತಕ್ಕಡಿಯಿಂದ ಇಳಿದು, “ಐವತ್ತು ಕೆಜಿ ಮೈದಾ ಮೂಟೆಗಿಂತ ಒಂದು ಕೆಜಿ ಕಮ್ಮಿ ಆದೆ ಕಣೆ. ಇನ್ಮೇಲೆ ಕರಿಯಪ್ಪ ನನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಬಹುದು” ಎಂದರು.

ನಗು ಬರಲಿಲ್ಲ.

ನವೆಂಬರ್ 25

ಹಾಸನ. ರಕ್ತದ ರಿಪೋರ್ಟಿನಲ್ಲಿ ಇಳಿಯಬೇಕಾದ ಅಂಕಿ ಇಳಿದಿಲ್ಲ. ಡಾಕ್ಟರಮ್ಮ ನನ್ನ ಹಾಳೆ ನೋಡಿದರು. ಮುದ್ದೆ, ಅನ್ನ, ಸೊಪ್ಪಿನ ಸಾರು, ಮಜ್ಜಿಗೆ, ಮನೆಯ ಚೂರು. “ಪಥ್ಯ ಸರಿಯಾಗೇ ಇದೆಯಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಇವರನ್ನು ಹೊರಗೆ ಕಳಿಸಿ ನನ್ನ ಹತ್ತಿರ ಮಾತಾಡಿದರು. ಜನವರಿಯವರೆಗೆ ನೋಡೋಣ, ಆಗಲೂ ಹೀಗೇ ಇದ್ದರೆ ಪಥ್ಯಕ್ಕೆ ಬಗ್ಗದ ಜಾತಿಯದಿರಬಹುದು, ಬೆಂಗಳೂರಿಗೆ ಬರೆದುಕೊಡುತ್ತೇನೆ ಎಂದರು. ಆ ಜಾತಿಯದು ಕೆಲವರಲ್ಲಿ ಕರುಳಿನ ಗಡ್ಡೆಗೆ ತಿರುಗುತ್ತದಂತೆ.

ಹೊರಗೆ ಬಂದರೆ ಇವರು ಬೆಂಚಿನ ಮೇಲೆ ಯಾವುದೋ ಅಜ್ಜಿಗೆ ಬೆಣ್ಣೆ ಬಿಸ್ಕತ್ತು ಮಾಡುವ ವಿಧಾನ ಹೇಳಿಕೊಡುತ್ತಿದ್ದರು. ತಾವು ತಿನ್ನಲಾಗದ್ದನ್ನು ಅಷ್ಟು ಪ್ರೀತಿಯಿಂದ ಹೇಳುವ ಗುಂಡಿಗೆ ಯಾರಿಗಿದೆ. ನಾನು ಕಂಬದ ಹಿಂದೆ ನಿಂತು, ಮುಖ ಸರಿ ಮಾಡಿಕೊಂಡು ಹೋದೆ. ನನಗೆ ಹೆದರಿಕೆಯಾಗಿದೆ. ಈ ಹಾಳೆಗಾದರೂ ಹೇಳುತ್ತೇನೆ, ತುಂಬ ಹೆದರಿಕೆಯಾಗಿದೆ.

ನವೆಂಬರ್ 26

ಇದು ನನ್ನ ಮೈಮೇಲಿನ ಹಿಟ್ಟಿನದೇ ಕೆಲಸ. ಎಷ್ಟು ತೊಳೆದರೂ ತಲೆಕೂದಲಲ್ಲಿ, ಉಗುರಿನ ಸಂದಿಯಲ್ಲಿ ಉಳಿದು ಮನೆಯೊಳಗೆ ಬರುತ್ತಿದೆ. ಇವತ್ತಿನಿಂದ ಭಟ್ಟಿ ಹಚ್ಚುವುದಿಲ್ಲ. ಬಾಗಿಲು ಹಾಕಿದ್ದೇನೆ.

ಡಿಸೆಂಬರ್ 5

ಒಂಬತ್ತು ದಿನ ಬೇಕರಿ ಮುಚ್ಚಿ ಮನೆಯಲ್ಲೇ ಇದ್ದು, ಮೂರು ಹೊತ್ತೂ ಕೈಯಾರೆ ಮಾಡಿ ಹಾಕಿದೆ. ಸಾರಿಗೆ, ಮಜ್ಜಿಗೆಗೆ, ಚೂರಿಗೆ, ಎಲ್ಲಕ್ಕೂ ಇಂಗಿನ ಒಗ್ಗರಣೆ. ತೂಕ ನಲವತ್ತೆಂಟೂವರೆ.

“ಹಿಟ್ಟಿನ ತಪ್ಪಲ್ಲ ಕಣೆ ಇದು. ಹೋಗಿ ಭಟ್ಟಿ ಹಚ್ಚಿಸು. ಸದ್ದು ಇಲ್ದೆ ನಂಗೆ ನಿದ್ದೆನೂ ಬರ್ತಿಲ್ಲ” ಎಂದರು. ನಾಳೆಯಿಂದ ಮತ್ತೆ ಶುರು.

ಡಿಸೆಂಬರ್ 6

ಹುಲಿಕೆರೆ ಶಾಲೆಯ ಟೀಚರು ರಮಾ ಎನ್ನುವವರು ಬಂದಿದ್ದರು. ಜೊತೆಗೆ ಮಗಳು ಸಿರಿ, ಹತ್ತು ವರ್ಷ. ಆ ಮಗುವಿಗೂ ಇದೇ ಕಾಯಿಲೆ. ನಮ್ಮಲ್ಲಿ ಗೋಧಿಯಿಲ್ಲದ ಚೂರು ಮಾಡುವ ಸಮಾಚಾರ ಜಾನಕಮ್ಮನಿಂದ ಹೋಗಿದೆ. ಜಾನಕಮ್ಮನಿಗೆ ಹೇಳಿದರೆ ಪೇಪರಿಗೆ ಹಾಕಿಸಿದ ಹಾಗೆ.

ಒಂದು ಬಟ್ಟಲು ಚೂರು ಮುಂದಿಟ್ಟೆ. ಹುಡುಗಿ ಒಂದನ್ನು ಎತ್ತಿ ಮೂಸಿದಳು. ಕಣ್ಣು ಅರಳಿತು. ಆದರೆ ಬಾಯಿಗೆ ಹಾಕದೆ ಅಮ್ಮನ ಮುಖ ನೋಡಿದಳು. ರಮಾ, “ಬೇಜಾರು ಮಾಡ್ಕೋಬೇಡಿ ಅಮ್ಮ. ಏನೇನು ಹಾಕಿದೀರಿ ಅಂತ ಒಂದು ಪಟ್ಟಿ ಬರೆದುಕೊಡ್ತೀರಾ? ಡಬ್ಬಿಯಿಂದ ಹಾಕಿದ್ದಾದ್ರೆ ಡಬ್ಬಿ ಮೇಲೆ ಇರೋದನ್ನೂ ಬರೀರಿ. ಓದದೆ ನಾನು ಇವಳಿಗೆ ಏನೂ ಕೊಡಲ್ಲ” ಎಂದರು. ನನಗೆ ಸ್ವಲ್ಪ ಚುರುಕ್ಕೆಂದಿತು. ಕಟ್ಟಿಕೊಂಡ ಗಂಡನಿಗೇ ಹಾಕುವುದನ್ನು ನಿನ್ನ ಮಗಳಿಗೆ ಕೊಟ್ಟರೆ ಏನಾಗುತ್ತದೆ ತಾಯಿ ಎಂದು ಬಾಯಿವರೆಗೆ ಬಂತು. ಅಷ್ಟರಲ್ಲಿ ಹುಡುಗಿ ಚೂರನ್ನು ಮತ್ತೆ ಬಟ್ಟಲಿಗಿಟ್ಟು, “ಸೋಮವಾರ ಬಂದು ತಿಂತೀನಿ ಅಜ್ಜಿ, ಎತ್ತಿಟ್ಟಿರಿ” ಎಂದಳು. ಇಷ್ಟು ವಯಸ್ಸಾದ ನನಗೆ ಆ ತಾಳ್ಮೆ ಇಲ್ಲ. ಬರೆದಿಡುತ್ತೇನೆ ಎಂದೆ.

ಡಿಸೆಂಬರ್ 7

ನಾನೇ. ನನ್ನ ಕೈಯೇ.

ಪಟ್ಟಿ ಬರೆಯುತ್ತಾ ಇಂಗಿಗೆ ಬಂದೆ. ಡಬ್ಬಿ ತಿರುಗಿಸಿದರೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಇವರ ಕನ್ನಡಕ ಹಾಕಿಕೊಂಡು ಓದಿದೆ. ಗೋಂದು, ವೀಟ್ ಫ್ಲೋರ್, ಕಡೆಯಲ್ಲಿ ಇಂಗು. ವೀಟ್ ಎನ್ನುವ ಅಕ್ಷರವನ್ನು ನಾನು ಹಿಟ್ಟಿನ ಮೂಟೆಗಳ ಮೇಲೆ ಮೂವತ್ತು ವರ್ಷ ಓದಿದ್ದೇನೆ. ತಪ್ಪು ಓದುವ ಮಾತೇ ಇಲ್ಲ. ಇಂಗಿಗೆ ಗೋಧಿ ಹಿಟ್ಟು ಬೆರೆಸಿಯೇ ಡಬ್ಬಿಗೆ ತುಂಬುತ್ತಾರೆ.

ಈ ಡೈರಿಯನ್ನು ಹಿಂದಕ್ಕೆ ತಿರುವಿದೆ. ಇವರಿಗೆ ಹೊಟ್ಟೆ ಕೆಟ್ಟಿತು, ಇಂಗು ಹಾಕಿದೆ. ಇನ್ನೂ ಕೆಟ್ಟಿತು, ಇನ್ನೂ ಹಾಕಿದೆ. ಬೇಕರಿ ಮುಚ್ಚಿ ಒಂಬತ್ತು ದಿನ ಮನೆಯಲ್ಲಿ ಕೂತು ಮೂರು ಹೊತ್ತು ಹಾಕಿದೆ. ಡಾಕ್ಟರಮ್ಮ ಓದಿ ಹಾಕಿ ಎಂದಿದ್ದರು. ನಾನು ಪೇಟೆಯವರನ್ನು ನೋಡಿ ನಕ್ಕಿದ್ದೆ.

ಡಬ್ಬಿಯನ್ನು ತಿಪ್ಪೆಗೆ ಎಸೆದು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇವರು ಚೇತರಿಸಿಕೊಳ್ಳುತ್ತಾರೆ, ದೇವರು ದೊಡ್ಡವನು ಎನ್ನುತ್ತಾರೆ. ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದೆ.

ಡಿಸೆಂಬರ್ 8

ಹೇಳಿದೆ. ಜಗುಲಿಯಲ್ಲಿ ಕೂತಿದ್ದರು. ಡಬ್ಬಿಯನ್ನೂ ಕನ್ನಡಕವನ್ನೂ ಮುಂದಿಟ್ಟು, “ಮೂರು ತಿಂಗಳಿಂದ ನಿಮಗೆ ಗೋಧಿ ತಿನ್ನಿಸ್ತಿದ್ದವಳು ನಾನು” ಎಂದೆ. ಇವರು ಓದಿದರು. ಇನ್ನೊಂದು ಸಲ ಓದಿದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಇಂಗಿಗೆ ಜಿಪುಣತನ ಮಾಡ್ಬೇಡ ಅಂತ ಹೇಳಿದ್ದು ಯಾರು?” ಎಂದರು.

“ಹೇಳಿದ್ದು ನೀವು, ಹಾಕಿದ್ದು ನಾನು” ಎಂದೆ.

“ಮೂವತ್ತೊಂದು ವರ್ಷ ಹಿಟ್ಟಿನ ಕಸುಬು ಮಾಡಿದೋನು ನಾನು. ಹಿಟ್ಟು ಎಲ್ಲೆಲ್ಲಿ ಐತೆ ಅಂತ ನಂಗೇ ಗೊತ್ತಿಲ್ದೆ ಹೋದ್ರೆ ನಿಂಗೆ ಹೆಂಗೆ ಗೊತ್ತಾಗ್ಬೇಕು?” ಎಂದರು. ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದು, “ಅಂದ್ರೆ ಆ ಕೆಟ್ಟ ಜಾತೀದು ಅಲ್ಲ ಅನ್ನು” ಎಂದರು, ತುಂಬ ಮೆತ್ತಗೆ.

 ಡಾಕ್ಟರಮ್ಮ ನನ್ನೊಬ್ಬಳಿಗೇ ಹೇಳಿದ್ದು ಎಂದುಕೊಂಡಿದ್ದೆ. “ಕಂಬದ ಹಿಂದೆ ನಿಂತು ಅತ್ತಿದ್ದು ಕಾಣಲ್ವಾ? ಅವತ್ತೇ ಸಿಸ್ಟರ್ ಹತ್ರ ಕೇಳ್ಕೊಂಡೆ” ಎಂದರು. ಎರಡು ವಾರ ಒಬ್ಬರಿಗೊಬ್ಬರು ಹೆದರಿಕೆ ಮುಚ್ಚಿಟ್ಟುಕೊಂಡು ನಗುತ್ತಾ ಓಡಾಡಿದ್ದೇವೆ. ಅವರ ಕೈ ಹಿಡಿದುಕೊಂಡು ಮನಸಾರೆ ಅತ್ತೆ. ಅವರೂ ಅತ್ತರು. ಮೂವತ್ತು ವರ್ಷದ ಸಂಸಾರದಲ್ಲಿ ಇವರು ಅತ್ತದ್ದನ್ನು ನೋಡಿದ್ದು ಇದು ಎರಡನೆಯ ಸಲ.

ಆಮೇಲೆ ಮುಖ ತೊಳೆದು ಬಂದು, “ಸೋಮವಾರ ಆ ಮಗು ಬತ್ತದಲ್ಲ. ಇಂಗು ಇಲ್ದೆ ಚೂರಿಗೆ ಏನಾಕ್ತೀಯ?” ಎಂದು ಕೇಳಿದರು. ಬಾಯಿಗೆ ಬಂದದ್ದನ್ನು ಹೇಳಿದೆ. ಬೆಳ್ಳುಳ್ಳಿಯನ್ನು ಜಜ್ಜದೆ ತೆಳ್ಳಗೆ ಹೆಚ್ಚಿ ಬೆಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆಯುವುದು, ಅದೇ ಬೆಣ್ಣೆಗೆ ಓಂಕಾಳನ್ನು ಅಂಗೈಯಲ್ಲಿ ಉಜ್ಜಿ ಹಾಕುವುದು, ಕರಿಬೇವನ್ನು ಒಣಗಿಸಿ ಪುಡಿ ಮಾಡಿ ಕೊನೆಗೆ ಉದುರಿಸುವುದು. ಓಂಕಾಳನ್ನು ಅಂಗಡಿಯಿಂದ ತರುವುದು ಬೇಡ, ಜಾನಕಮ್ಮ ತಮ್ಮ ಹಿತ್ತಲಲ್ಲೇ ಬೆಳೆದ ಕಾಳು ಅವರ ಮನೆಯಲ್ಲಿದೆ. ಇವರು ಸ್ವಲ್ಪ ಹೊತ್ತು ಯೋಚಿಸಿ, “ಹಂಗೇ ಮಾಡು” ಎಂದರು. ಒಂದು ತಿದ್ದುಪಡಿಯನ್ನೂ ಹೇಳಲಿಲ್ಲ. ಪಾಪ, ಬಹಳ ಬಳಲಿದ್ದರು.

ಡಿಸೆಂಬರ್ 9

ರಮಾ ಪಟ್ಟಿಯನ್ನು ಎರಡು ಸಲ ಓದಿ ತಲೆಯಾಡಿಸಿದರು. ನಾನು ಇಂಗಿನ ಕಥೆಯನ್ನೂ ಹೇಳಿದೆ, ಮುಚ್ಚಿಡಲಿಲ್ಲ. “ನಾವೂ ಮೊದಲನೇ ವರ್ಷ ಸೋಯಾ ಸಾಸ್ ಹಾಕ್ತಿದ್ವಿ ಅಮ್ಮ. ಅದರಲ್ಲೂ ಇರುತ್ತೆ ಅಂತ ಯಾರು ಕಂಡಿದ್ರು” ಎಂದರು. ಓದು ಬರಹ ಕಲಿತ ಟೀಚರಮ್ಮನಿಗೂ ಆಗಿದೆ ಎಂದು ಕೇಳಿ ನನಗೆ ನಾಚಿಕೆಗೆಟ್ಟ ಸಮಾಧಾನವಾಯಿತು.

ಸಿರಿ ಒಂದು ಬಟ್ಟಲು ಮುಗಿಸಿ, ಜೇಬಿಗೂ ತುಂಬಿಕೊಂಡಳು. ನಾಳೆ ಶಾಲೆಯಲ್ಲಿ ಎಲ್ಲರೂ ಬಿಸ್ಕತ್ತು ತಿನ್ನುವಾಗ ಸದ್ದು ಮಾಡಿಕೊಂಡು ತಿನ್ನುತ್ತಾಳಂತೆ.

ಡಿಸೆಂಬರ್ 29

ಐವತ್ತು ಕೆಜಿ ಇನ್ನೂರು ಗ್ರಾಂ. ಹೊಟ್ಟೆ ಶಾಂತ. ನಿನ್ನೆ ಕೆರೆ ಏರಿಯವರೆಗೆ ನಡೆದು ಹೋಗಿ ಬಂದರು. ಬೇಕರಿಯ ಚೂರಿಗೂ ಈಗ ಇಂಗಿಲ್ಲ, ಇದೇ ಓಂಕಾಳಿನ ಮಸಾಲೆ.

ಜನವರಿ 20, 2025

ಹಾಸನ. ಅಂಕಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಬೆಂಗಳೂರು ಬೇಡ. ಡಾಕ್ಟರಮ್ಮ ಇಂಗಿನ ಸಂಗತಿಯನ್ನು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು, ಇನ್ನು ಎಲ್ಲರನ್ನೂ ಕೇಳುತ್ತೇನೆ ಎಂದರು. ಆದರೆ ಭಟ್ಟಿ ಮನೆಯ ಮಾತೆತ್ತಿದ್ದಕ್ಕೆ, “ಅದು ಮಾತ್ರ ಮುಗೀತು ದೇವರಾಜ್. ಮತ್ತೆ ಹಿಟ್ಟಿನಲ್ಲಿ ನಿಲ್ಲಬೇಡಿ” ಎಂದರು.

ಬಸ್ಸಿನಲ್ಲಿ ಇವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು. ಆ ಕೈ ಎಷ್ಟು ಸಾವಿರ ಬ್ರೆಡ್ಡು ಎತ್ತಿದೆಯೋ.  ಊರು ಬಂದಾಗ ತಾವೇ ಎದ್ದು, “ಸರಿ ಬಿಡು, ಗಲ್ಲಾದ ಮೇಲೆ ಫ್ಯಾನಾದ್ರೂ ಐತೆ” ಎಂದರು. ಇಂಥವರನ್ನು ಕಟ್ಟಿಕೊಂಡದ್ದು ನನ್ನ ಅದೃಷ್ಟ.

ಫೆಬ್ರವರಿ 9, ಭಾನುವಾರ

ಐವತ್ತನಾಲ್ಕು. ಕೆನ್ನೆ ತುಂಬಿಕೊಳ್ಳುತ್ತಿದೆ.

ರಜೆಯಾದ್ದರಿಂದ ದೇವಸ್ಥಾನಕ್ಕೆ ಬಂದ ಜನ ಬಹಳ. ಬೆಳಿಗ್ಗೆಯದು ಸಾಲದೆ ಹತ್ತು ಗಂಟೆಗೆ ಮತ್ತೆ ನಲವತ್ತು ಪೌಂಡಿಗೆ ಕಲಸಲು ನಿಂತೆ. ಹಿಟ್ಟು ಮೊಣಕೈವರೆಗೆ. ಇಂದ್ರೇಶ್ ಚೂರು ಒಯ್ಯಲು ಬಂದಿದ್ದರು, ಗಲ್ಲಾದಲ್ಲಿ ಇವರ ಜೊತೆ ಮಾತಾಡುವುದು ಒಳಗೆ ಕೇಳಿಸುತ್ತಿತ್ತು. “ದೇವರಾಜಣ್ಣ, ಈ ಎರಡು ತಿಂಗಳಿಂದ ಚೂರು ಮೊದಲಿಗಿಂತ ಚೆನ್ನಾಗೈತೆ. ನೀವು ಮತ್ತೆ ಒಳೀಕೆ ಹೋಯ್ತಿದ್ದೀರೇನೋ ಅಂದ್ಕಂಡೆ” ಎಂದರು ಇಂದ್ರೇಶ್. “ನಾನು ಒಳಗೆ ಕಾಲಿಟ್ಟು ಆರು ತಿಂಗಳಾಯ್ತು ಕಣಪ್ಪ” ಎಂದರು ಇವರು. ಆಮೇಲೆ, “ಕರಿಯಪ್ಪ, ಮಾಡೋರನ್ನ ಒಂಚೂರು ಈಚೆಗೆ ಕಳ್ಸು, ಇಂದ್ರೇಶ ನೋಡ್ಬೇಕಂತೆ” ಎಂದು ಕೂಗಿದರು.

ಕರಿಯಪ್ಪಣ್ಣ ನನ್ನ ಮುಖ ನೋಡಿದರು. “ನಿಮ್ಮನ್ನೇ ಅಣ್ಣ, ಹೋಗಿ ಬನ್ನಿ” ಎಂದೆ. ಭಟ್ಟಿಯ ಬೆಂಕಿ ಅವರದಲ್ಲದೆ ಇನ್ಯಾರದು. ಅವರು ಹೋಗಿ, ಅರ್ಧ ನಿಮಿಷದಲ್ಲಿ ವಾಪಸು ಬಂದರು. “ನನ್ನನ್ನಲ್ವಂತೆ ಅಮ್ಮೋರೆ. ಅಯ್ನೋರು ನಿಮ್ಮನ್ನ ಕರೀತಾವ್ರೆ.”

ಇವರಿಗೆ ತಮಾಷೆಗೆ ಹೊತ್ತು ಗೊತ್ತು ಇಲ್ಲ. ಹಿಟ್ಟು ಆಗಷ್ಟೇ ಹದಕ್ಕೆ ಬಂದಿತ್ತು, ಬಿಟ್ಟು ಹೋದರೆ ಕೆಡುತ್ತದೆ. ಹಿಟ್ಟಿನ ಕೈಯಲ್ಲಿ ಇವರ ಹತ್ತಿರ ಹೋಗುವ ಹಾಗೂ ಇಲ್ಲ. “ಬ್ರೆಡ್ಡು ಭಟ್ಟಿಗೆ ಹಾಕಿ, ತಲೆಗೆ ಸ್ನಾನ ಮಾಡ್ಕೊಂಡು ಬತ್ತೀನಿ. ಅಲ್ಲೀಗಂಟ ಕೂತಿರೋಕೆ ಹೇಳಿ, ಇಬ್ರಿಗೂ” ಎಂದು ಕಳಿಸಿದೆ.